ಸೀನು ಬಾರದ ಶುಂಠಿ

ಮಲ್ಲಿಪಟ್ಟಣದ ಸುತ್ತಮುತ್ತ ಯಾರ ಮನೆಯಲ್ಲಿ ಹೆರಿಗೆಯಾದರೂ, ಬಾಣಂತಿ ಖಾರ ಕುಟ್ಟಲು ಒಣಶುಂಠಿ ಪಾಲಾಕ್ಷೇಗೌಡರ ಮನೆಯಿಂದಲೇ ಹೋಗಬೇಕು. ಹಾಗೆಂದು ಊರವರು ಕಟ್ಟಳೆ ಮಾಡಿರಲಿಲ್ಲ, ಗೌಡರೇ ಮಾಡಿಕೊಂಡಿದ್ದರು. "ನಮ್ ಬೀಜ ಕಣ್ಲಾ, ತಾತನ ಕಾಲದ್ದು. ಖಾರ ಅನ್ನೋದು ವಂಸದಲ್ಲಿ ಬರ್ಬೇಕು" ಎನ್ನುವಾಗ ಅವರು ಶುಂಠಿಯ ಮಾತಾಡುತ್ತಿದ್ದಾರೋ ತಮ್ಮ ಮಾತಾಡುತ್ತಿದ್ದಾರೋ ಕೇಳಿದವರಿಗೆ ತಿಳಿಯುತ್ತಿರಲಿಲ್ಲ.

ಆ ಖಾರಕ್ಕೊಂದು ಪರೀಕ್ಷೆಯಿತ್ತು. ಗೌಡರ ಹೆಂಡತಿ ಕಾಮಾಕ್ಷಮ್ಮ ಒರಳಲ್ಲಿ ಶುಂಠಿ ಕುಟ್ಟಿದರೆ ಗೋಡೆಯಾಚೆಯ ಮನೆಯ ಸಣ್ಣಯ್ಯ ಸೀನಬೇಕು. ಸೀನಿದರೆ ಶುಂಠಿ ಸರಿ.

ಈ ಸಲ ಮಗಳು ಧನ್ಯಾಳೇ ಬಾಣಂತಿ. ಗೌಡರು ಒಗೆದ ಶರ್ಟು ತೊಟ್ಟು ಜಗಲಿಯಲ್ಲಿ ಕುಳಿತರು. ಒಳಗೆ ಒನಕೆ ಬಿತ್ತು, ಮತ್ತೆ ಬಿತ್ತು. ಸೀನಿಲ್ಲ.

"ಸಣ್ಣಯ್ಯ ಮನೇಲಿಲ್ವೇನೇ?"

"ಅವ್ನೆ. ಕೆಮ್ಮೋದು ಕೇಳ್ತಿಲ್ವಾ?"

ಗೌಡರ ಮುಖ ಅರಳಿತು.

"ಅದು ಬೀಡಿ ಕೆಮ್ಮು" ಎಂದರು ಕಾಮಾಕ್ಷಮ್ಮ.

ಗೌಡರು ಗೋಡೆಯ ಹತ್ತಿರ ಹೋಗಿ ಕೂಗಿದರು. "ಲೇ ಸಣ್ಣಯ್ಯ, ಇಲ್ಲಿ ಸುಂಠಿ ಕುಟ್ತಾವ್ಳೆ ಕಣ್ಲಾ!"

"ಅಂಗಾ ಅಣ್ಣ?"

ಸ್ವಲ್ಪ ಹೊತ್ತಿಗೆ "ಹಾ...ಕ್ಷೀ" ಎಂದು ಕೇಳಿಸಿತು. ಅಕ್ಷರ ಅಕ್ಷರವಾಗಿ, ಸ್ಪಷ್ಟವಾಗಿ. ಸೀನು ಹಾಗೆ ಬರುವುದಿಲ್ಲ. ಸನ್ಮಾನದ ಭಾಷಣ ಹಾಗೆ ಬರುತ್ತದೆ.

ಕಾಮಾಕ್ಷಮ್ಮ ಒಂದು ಚಿಟಿಕೆ ಪುಡಿ ತಂದು ಗಂಡನ ಅಂಗೈಗೆ ಹಾಕಿದರು. ಗೌಡರು ನಾಲಿಗೆಗಿಟ್ಟು ಕಾದರು. ಮೈದಾ ಹಿಟ್ಟಿಗೂ ಇಷ್ಟು ವಿನಯ ಇರುವುದಿಲ್ಲ.

ಶುಂಠಿ ಹಾಕಿದ ನೆಲಕ್ಕೇ ಮತ್ತೆ ಶುಂಠಿ ಹಾಕಿದರೆ ಗೆಡ್ಡೆ ಕೊಳೆಯುತ್ತದೆ. ಅದಕ್ಕೇ ಗೌಡರು ಕಳೆದ ವರ್ಷ ದಿಣ್ಣೆ ಬಿಟ್ಟು ನಾಲೆ ಕೆಳಗಿನ ಬಯಲಿಗೆ ಇಳಿದಿದ್ದರು. ಬೇಕೆಂದಾಗ ನೀರು, ಮನಸ್ಸು ಬಂದಾಗ ಯೂರಿಯಾ. ಗೆಡ್ಡೆ ಅಂಗೈಯಗಲ ಬಂತು. ಅದೇ ಬೀಜವನ್ನು ಒಂದು ಬುಟ್ಟಿ ಗುಡ್ಡದ ಕೇರಿಯ ಧರ್ಮೇಂದ್ರನಿಗೂ ಕೊಟ್ಟಿದ್ದರು. ಕೊಟ್ಟದ್ದನ್ನು ಊರಿಗೆಲ್ಲ ಹೇಳಿಯೂ ಇದ್ದರು. ಅವನದು ಗುಡ್ಡದ ಓರೆಯ ಕಲ್ಲು ನೆಲ. ಹೊಂಗೆಮರದ ಅರೆನೆರಳು, ಕೊಟ್ಟಿಗೆ ಗೊಬ್ಬರ, ಮಳೆ ಕೊಟ್ಟಷ್ಟು ನೀರು. ಬಂದದ್ದು ಬೆರಳು ಗಾತ್ರದ ಗಂಟು ಗಂಟು ಗೆಡ್ಡೆ. "ಇಲಿ ಕಾಲು" ಎಂದು ಗೌಡರು ನಕ್ಕಿದ್ದರು.

"ದಪ್ಪ ಬಂತು ಅಂತ ಮೆರೆದ್ರಲ್ಲ" ಎಂದರು ಕಾಮಾಕ್ಷಮ್ಮ. "ನೆಂಟ್ರು ಜಾಸ್ತಿ ಬಂದ್ರು ಅಂತ ಸಾರಿಗೆ ನೀರು ಉಯ್ದಂಗಾಯ್ತು. ಧರ್ಮೇಂದ್ರನ ಮನೆಗೆ ಓಗಿ ಬನ್ನಿ."

"ಅಂಗಡೀಲಿ ತಂದ್ರಾಗಲ್ವಾ?"

"ಊರ ಬಾಣಂತೀರ್ಗೆಲ್ಲ ಕೊಟ್ಬುಟ್ಟು ನಿಮ್ ಮಗ್ಳಿಗೆ ಅಂಗಡೀದಾ?"

ಗೌಡರು ಹೊರಟರು. ಆ ಕೇರಿಗೆ ಅವರು ಕೊಡಲು ಹೋದದ್ದುಂಟು, ಕೇಳಲು ಹೋದದ್ದಿಲ್ಲ. ಕೊಡಲು ಹೋದಾಗ ದಾರಿ ಇಷ್ಟು ಉದ್ದವಿರಲಿಲ್ಲ, ಮಂಡಿಯೂ ನೋಯುತ್ತಿರಲಿಲ್ಲ.

ಧರ್ಮೇಂದ್ರ ಕುರ್ಚಿ ಹಾಕಿದ. ಅವನ ತಾಯಿ ಮಾರಮ್ಮ ಶುಂಠಿ ಹಾಕಿದ ಟೀ ತಂದಿಟ್ಟಳು. ಗೌಡರು ಒಂದು ಗುಟುಕು ಕುಡಿದರು. ಗಂಟಲು ಸುಟ್ಟು ಕಣ್ಣಲ್ಲಿ ನೀರು ಬಂತು. ಎಷ್ಟೋ ದಿನದ ಮೇಲೆ ತಮ್ಮ ತಾತನನ್ನು ಕಂಡಂತಾಯಿತು, ಅದೂ ಬೇರೆಯವರ ಮನೆಯಲ್ಲಿ.

"ಇಲಿ ಕಾಲು ಬೇಕಿತ್ತಾ ಗೌಡ್ರೇ?" ಎಂದಳು ಮಾರಮ್ಮ.

"ಊಂ ಕಣವ್ವ. ಮಗ್ಳು ಬಾಣಂತಿ."

"ತಕಳಿ ಬುಡಿ, ನಿಮ್ದೇ ಬೀಜ ಅಲ್ವಾ" ಎಂದು ಧರ್ಮೇಂದ್ರ ಒಣಶುಂಠಿ ಕಟ್ಟಿಕೊಟ್ಟ.

ವಂಶದ ಮಾತು ಗೌಡರ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಉಳಿದ ಟೀ ಜೊತೆ ಅದನ್ನೂ ನುಂಗಿ ಎದ್ದರು.

ಮನೆಗೆ ಬಂದು ಗಂಟನ್ನು ಹೆಂಡತಿಗೆ ಕೊಟ್ಟು, ಜಗಲಿಯಲ್ಲಿ ಟವೆಲು ಹಾಸಿ ಮಲಗಿಬಿಟ್ಟರು. ಒಳಗೆ ಒನಕೆ ಬಿತ್ತು. ಗೋಡೆಯಾಚೆ ಏನೋ ಪಾತ್ರೆ ಉರುಳಿತು, ಹಿಂದೆಯೇ ಸಣ್ಣಯ್ಯ ಉಸಿರಿಗೂ ಬಿಡುವಿಲ್ಲದೆ ಸೀನತೊಡಗಿದ.

"ಅಣ್ಣಾ! ಇದು ನಿಜ್ವಾಗ್ಲೂ ಬಂದಿದ್ದು ಕಣಣ್ಣಾ!"

"ಗೊತ್ತು ಕಣ್ಲಾ" ಎಂದರು ಗೌಡರು, ಕಣ್ಣು ತೆರೆಯದೆ. "ಮೂಗು ಒರೆಸ್ಕೊ."