ವ್ಯಾನಿನೊಳಗಿನ ನಾತ

ಬೋರಾಮಣಿಯ ಸೋಮವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಆಡಿಕೊಳ್ಳುತ್ತಾರೆ. ಇರಲಿ ಬಿಡಿ. ಆ ಮೂಗೇ ಅವಳ ಬದುಕು. ಕತ್ತಲಲ್ಲಿ ಕುರಿಮರಿಯ ಮೈ ಮೂಸಿ ಅದರ ತಾಯಿ ಯಾವುದೆಂದು ಹೇಳುವ ಹೆಂಗಸು ಅವಳು. ಅಂಥವಳ ಮಾತನ್ನು ಗಂಡ ಪೀರಪ್ಪ ನಂಬಲಿಲ್ಲ.

ಹಿಂದಿನ ಸೀಟು ಕಿತ್ತ ಹಳೆಯ ವ್ಯಾನಿನಲ್ಲಿ ಪೀರಪ್ಪ ಕುರಿಗಳನ್ನು ಅಕ್ಕಲಕೋಟ ಸಂತೆಗೆ ಒಯ್ಯುತ್ತಿದ್ದ. ಈಚೆಗೆ ಅದರೊಳಗೆ ಕೊಳೆತ ಮೊಟ್ಟೆಯಂಥ ನಾತ. ಬಲ್ಬುಗಳು ಸುಟ್ಟುಹೋಗುತ್ತಿದ್ದವು, ಬ್ಯಾಟರಿಯ ನೀರು ಆರುತ್ತಿತ್ತು. ಎಲ್ಲದಕ್ಕೂ ಅವನು ಬೈದದ್ದು ಚುಕ್ಕಿಯನ್ನು. ಮರಿಯಿದ್ದಾಗಲೇ ತಾಯಿ ಸತ್ತು, ಸೋಮವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಕುರಿ ಅದು; ವ್ಯಾನಿನಲ್ಲಿ ಅವಳ ಸೀಟಿನ ಹಿಂದೆಯೇ ನಿಲ್ಲುತ್ತಿತ್ತು. ಬ್ಯಾಟರಿ ಇದ್ದದ್ದೂ ಆ ಸೀಟಿನ ಕೆಳಗೇ.

"ಇದರ ಉಚ್ಚಿ ಬ್ಯಾಟರಿಗಿ ಇಳದು ಎಲ್ಲಾ ಹಾಳಾಗೇತಿ," ಎಂದ ಪೀರಪ್ಪ.

"ಇದು ಕುರಿ ನಾತ ಅಲ್ಲರಿ!" ಎಂದು ಸೋಮವ್ವ ಬಡಕೊಂಡಳು. ಕೇಳುವವರು ಯಾರು? ಅವಳು ತವರಿಗೆ ಹೋದದ್ದೇ ತಡ, ಮಹಾಶಯ ಚುಕ್ಕಿಯನ್ನು ಸೊಲ್ಲಾಪುರದ ಮಟನ್ ಅಂಗಡಿಗೆ ಮಾರಿ, ಫಿನಾಯಿಲ್ ಹಾಕಿ ವ್ಯಾನು ತೊಳೆದುಬಿಟ್ಟ.

ಮರಳಿ ಬಂದವಳು ರಂಪ ಮಾಡಿ, ಚುಕ್ಕಿಯನ್ನು ಬಿಡಿಸಿ ತರಲು ಅವನನ್ನು ಆಗಲೇ ಹೊರಡಿಸಿ ತಾನೂ ವ್ಯಾನು ಹತ್ತಿದಳು. ಹಿಂದೆ ಒಂದು ಕುರಿಯೂ ಇರಲಿಲ್ಲ. ಅರ್ಧ ದಾರಿಗೆ ಅದೇ ನಾತ ಗಪ್ಪನೆ ಮೂಗಿಗೆ ಬಡಿಯಿತು. ಸೋಮವ್ವನಿಗೆ ಬಹುವಚನ ಮರೆತೇಹೋಯಿತು.

"ಈಗ ಯಾವ ಕುರಿ ನಾರಾಕತ್ತೈತಿ? ಹೇಳ!"

ಪೀರಪ್ಪ ವ್ಯಾನನ್ನು ರಸ್ತೆಬದಿಯ ಸಾಯಬಣ್ಣನ ಗ್ಯಾರೇಜಿಗೆ ತಿರುಗಿಸಿದ. ಸೀಟೆತ್ತಿದರೆ ಬ್ಯಾಟರಿ ಎಸರಿನಂತೆ ಕುದಿಯುತ್ತಿತ್ತು. ಸಾಯಬಣ್ಣ ಮೀಟರು ಹಚ್ಚಿ ಹೌಹಾರಿದ.

"ಹದಿನೇಳು ವೋಲ್ಟ್ ತೋರಸಾಕತ್ತೈತಿ ಮಾಮಾ! ಹದಿನಾಲ್ಕೂವರಿ ದಾಟಬಾರದು. ರೆಗ್ಯುಲೇಟರ್ ಖರಾಬ್ ಆಗೇತಿ, ಕರೆಂಟ್ ತಡಿಯೂದೇ ಇಲ್ಲ. ಬ್ಯಾಟರಿ ಕುದ್ದು ಎದ್ದ ನಾತ ಇದು. ಬದಲಿ ಮಾಡದ ಒಯ್ಯಬ್ಯಾಡ್ರಿ, ಸಿಡಿತೈತಿ."

ಅಂಗೈಯಗಲದ ಒಂದು ಸಾಮಾನು. ಅದರ ತಪ್ಪನ್ನು ಬಾಯಿಲ್ಲದ ಪ್ರಾಣಿಯ ತಲೆಗೆ ಕಟ್ಟಿದ್ದ ಪುಣ್ಯಾತ್ಮ! ಹೊಸದನ್ನು ಕೂಡ್ರಿಸುವ ತನಕ ಸೋಮವ್ವ ಕುದಿಯುತ್ತಲೇ ನಿಂತಿದ್ದಳು. ಹಾಳಾದ ಹಳೆಯದನ್ನು ಸಾಯಬಣ್ಣನ ಕೈಯಿಂದ ಕಸಿದು ಸೆರಗಿಗೆ ಕಟ್ಟಿಕೊಂಡಳು.

ಮಟನ್ ಅಂಗಡಿಯವನು ಇವರನ್ನು ನೋಡಿ ತಲೆ ತಗ್ಗಿಸಿದ.

"ನಿನ್ನೇನ ಕೊಯ್ದಾತವ್ವಾ," ಎಂದು ಒಳಗಿನಿಂದ ಚುಕ್ಕಿಯ ಹಗ್ಗವನ್ನಷ್ಟೇ ತಂದುಕೊಟ್ಟ.

ಸೋಮವ್ವ ಅಳಲಿಲ್ಲ. ಸೆರಗು ಬಿಚ್ಚಿ, ಕೆಟ್ಟ ರೆಗ್ಯುಲೇಟರನ್ನು ಹಗ್ಗದ ಒಂದು ತುದಿಗೆ ಬಿಗಿದಳು. ಇನ್ನೊಂದು ತುದಿಯನ್ನು ಗಂಡನ ಕೈಗೆ ತುರುಕಿದಳು.

"ಹಿಡಿ. ಇನ್ನ ಮ್ಯಾಲ ಇದನ್ನ ಮೇಸು."