ಮ್ಯಾನೇಜರನ ಕೈಸೇರಿದ ಟರ್ಕಿ ಕೋಳಿ

ತೋಮಾಸಾ ಹಿಲಾರಿಯೊಗೆ ಚಿಕ್ಕದಾಗಿ ಮಾತನಾಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಆದ ರಾದ್ಧಾಂತವೆಲ್ಲ ಅದರಿಂದಲೇ ಆದದ್ದು. ಸೋಂಕು ಹಬ್ಬಿದ ಆ ವರ್ಷ ಲ್ಯಾಟಿನೊ ಹಕ್ಕುಗಳ ಸಂಘದವರು ಅವಳಿಗೊಂದು ಕೆಲಸ ಒಪ್ಪಿಸಿದ್ದರು: ಮನೆಮನೆಗೂ ಫೋನ್ ಮಾಡಿ ಜ್ವರವಿದೆಯೇ ಎಂದು ಕೇಳುವುದು. ತೋಮಾಸಾ ಮೊದಲು ಫೋನ್ ಎತ್ತಿದವರ ಅತ್ತೆಯ ಕ್ಷೇಮ ಕೇಳುವಳು, ಆಮೇಲೆ ಹುಟ್ಟೂರಿನ ಕಡೆ, ಓಹಾಕದಲ್ಲಿರುವ ತಮ್ಮನದು, ಆಮೇಲೆ ಆ ತಮ್ಮನ ಹೇಸರಗತ್ತೆಯ ಕುಂಟುಕಾಲಿನದು. ಜ್ವರದ ವಿಷಯಕ್ಕೆ ಬರುವಷ್ಟರಲ್ಲಿ ಇದ್ದ ಜ್ವರವೂ ಇಳಿದುಹೋಗಿರುತ್ತಿತ್ತು.

ನಮ್ಮ ಹ್ಯಾರೊ ಲೇಕ್ ಇರುವುದು ಉತ್ತರದ ಚಳಿರಾಜ್ಯವಾದ ಮಿನ್ನೆಸೋಟದಲ್ಲಿ. ಆದರೆ ಊರಿನ ಅರ್ಧ ಜನ ದಕ್ಷಿಣದ ಗಡಿಯಾಚೆಯ ಓಹಾಕದ ಬೆಟ್ಟಗಳಿಂದ ಇಳಿದು ಬಂದವರು, ಟರ್ಕಿ ಕೋಳಿ ಕತ್ತರಿಸುವ ಕಾರ್ಖಾನೆಯನ್ನು ನಂಬಿಕೊಂಡವರು. ತೋಮಾಸಾ ಕೂಡ ಅಲ್ಲಿ ಮಣಿಕಟ್ಟು ಸೋಲುವವರೆಗೆ ಚಾಕು ಹಿಡಿದವಳೇ. ಕೈ ಸೋತ ಮೇಲೆ ಮೆಕ್ಕೆಜೋಳದ ಕಡುಬಿನಂಥ ತಮಾಲೆ ಬೇಯಿಸಿ ಮಾರಿದಳು, ಜೊತೆಗೆ ಸಿಕ್ಕವರ ಮಕ್ಕಳಿಗೆಲ್ಲ ಜ್ಞಾನಸ್ನಾನದಲ್ಲಿ ದೇವರ ಮುಂದಿನ ತಾಯಿಯಾಗಿ ನಿಂತಳು. ನಮ್ಮಲ್ಲಿ ಹಾಗೆ ನಿಂತವರು ಮಗುವಿನ ಹೆತ್ತವರಿಗೆ, ಅಜ್ಜ ಅಜ್ಜಿಗೆ ಸಹ, ಬೀಗರಿಗಿಂತ ಹೆಚ್ಚು. ಗಂಡಸಾದರೆ ಕೊಂಪಾದ್ರೆ, ಹೆಂಗಸಾದರೆ ಕೊಮಾದ್ರೆ. ನಿನ್ನೆಯವರೆಗೆ ಹೋಗೇ ಬಾರೇ ಅನ್ನುತ್ತಿದ್ದವರು ಇವತ್ತಿನಿಂದ ಹೋಗಿ ಬನ್ನಿ ಅನ್ನಬೇಕು. ಕೊಮಾದ್ರೆಗೆ ಕಷ್ಟ ಬಂದರೆ ಕೇಳದೆಯೇ ಬಂದು ನಿಲ್ಲಬೇಕು. ಊರಿಗೆಲ್ಲ ಒಬ್ಬಳೇ ಪದ್ಮಾವತಿ ಅನ್ನುವ ಹಾಗೆ ತೋಮಾಸಾ ಅರ್ಧ ಊರಿಗೆ ಕೊಮಾದ್ರೆ. ಸಂಘ ಅವಳನ್ನು ಹಿಡಿದದ್ದು ಅದಕ್ಕೇ.

ಸೋಂಕು ಬಂದಾಗ ಶಾಲೆ, ಚರ್ಚು, ಕ್ಷೌರದಂಗಡಿ ಎಲ್ಲವೂ ಬಾಗಿಲು ಹಾಕಿದವು. ಕಾರ್ಖಾನೆ ಹಾಕಲಿಲ್ಲ. ಟರ್ಕಿ ಮಾಂಸವಿಲ್ಲದೆ ದೇಶ ಉಳಿಯುವುದಿಲ್ಲವಂತೆ. ಒಳಗೆ ಹೆಂಗಸರು ಗಂಡಸರು ಭುಜಕ್ಕೆ ಭುಜ ತಾಗಿಸಿ ನಿಂತು ಕತ್ತರಿಸುತ್ತಲೇ ಇದ್ದರು. ಕಾಯಿಲೆ ಎಂದು ಮನೆಯಲ್ಲಿ ಉಳಿದರೆ ಆ ದಿನದ ಸಂಬಳವಿಲ್ಲ. ಅಷ್ಟೇ ಅಲ್ಲ, ಹಾಜರಿಯಲ್ಲಿ ಒಂದು ಕಪ್ಪು ಚುಕ್ಕಿ ಬೀಳುವುದು. ಚುಕ್ಕಿ ಹೆಚ್ಚಾದರೆ ಕೆಲಸಕ್ಕೇ ಸಂಚಕಾರ. ಸಂಘದ ವಕೀಲೆ ಯೆಸೆನಿಯಾ ರಾಜಧಾನಿಯಿಂದ ಪತ್ರದ ಮೇಲೆ ಪತ್ರ ಬರೆದಳು: ಕಾಯಿಲೆಯವರಿಗೆ ಸಂಬಳದ ರಜೆ ಕೊಡಿ, ನಡುವೆ ಪ್ಲಾಸ್ಟಿಕ್ ತಡಿಕೆ ಕಟ್ಟಿ, ಚುಕ್ಕಿ ಅಳಿಸಿ. ಉತ್ತರವಾಗಿ ಕಾರ್ಖಾನೆಯ ಗೇಟಿಗೆ 'ನೀವೇ ನಮ್ಮ ವೀರರು' ಎಂಬ ದೊಡ್ಡ ಬ್ಯಾನರ್ ಬಂತು, ತಲೆಗೊಂದು ಟೀ ಶರ್ಟ್ ಬಂತು. ಶರ್ಟೆಲ್ಲ ಒಂದೇ ಅಳತೆಯವು. ಬೆನಿತಾ ಹಾಕಿಕೊಂಡರೆ ಮೊಣಕಾಲು ಮುಚ್ಚುತ್ತಿತ್ತು.

ಈ ಬೆನಿತಾಳ ಮೇಲೆಯೇ ತೋಮಾಸಾಳ ಜೀವ. ಇಬ್ಬರೂ ಒಂದೇ ಬೆಟ್ಟದವರು, ಒಂದೇ ಸಾಲಿನಲ್ಲಿ ಕತ್ತರಿಸಿದವರು. ಬೆನಿತಾಳದು ಮೊದಲೇ ಬಡಪಾಯಿ ಶ್ವಾಸಕೋಶ, ಥಂಡಿ ಕೋಣೆಯಲ್ಲಿ ಕೆಲಸ. ಈಗ ಕೆಮ್ಮು ಶುರುವಾಗಿತ್ತು. ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದೇನೋ ಬಂತು, ಆದರೆ ಈ ಎದೆಗೆ ಅದು ಅಂಟಿದರೆ ಉಳಿಯುವುದು ಕಷ್ಟ, ಮನೆಯಲ್ಲಿ ಮಲಗು ಎಂದು ಡಾಕ್ಟರು ಹೇಳಿದರು. ಮಲಗಿದರೆ ಕೆಲಸ ಹೋಗುತ್ತದೆ, ಕೆಲಸಕ್ಕೆ ಹೋದರೆ ಜೀವ ಹೋಗಬಹುದು. ಬೆನಿತಾ ಕೆಮ್ಮನ್ನು ನುಂಗಿಕೊಂಡು ಕೆಲಸಕ್ಕೇ ಹೋದಳು. ತೋಮಾಸಾ ಅವಳ ಬಾಗಿಲಲ್ಲಿ ಸಾರಿನ ಪಾತ್ರೆ ಇಟ್ಟು, ಬಾಗಿಲು ತಟ್ಟಿ, ಸಂಘದ ನಿಯಮದಂತೆ ಓಡಿಹೋಗಬೇಕಿತ್ತು. ಅವಳ ಮೊಣಕಾಲಿನ ಓಟ ಗೇಟು ಮುಟ್ಟುವುದರೊಳಗೆ ಬಾಗಿಲು ತೆರೆಯುತ್ತಿತ್ತು, ಅಲ್ಲಿಂದ ಹೇಸರಗತ್ತೆಯವರೆಗೆ ಮಾತು ಹೋಗುತ್ತಿತ್ತು.

ಇದರ ನಡುವೆ ಬೆನಿತಾಳ ಮೊಮ್ಮಗಳ ಜ್ಞಾನಸ್ನಾನ ಬಂತು. ಚರ್ಚಿನ ಅಂಗಳದಲ್ಲಿ, ಬಯಲಿನಲ್ಲಿ ಮಾಡಿಕೊಡುತ್ತೇನೆಂದು ಪಾದ್ರಿ ಒಪ್ಪಿದ್ದರು. ದೇವರ ಮುಂದಿನ ಅಪ್ಪನಾಗಲು ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಗಾಡಿ ಓಡಿಸುವ ಹಸಿಂತೊ ಎಂಬವನನ್ನು ಕೇಳುವುದೆಂದಾಯಿತು. ಆದರೆ ಕೇಳುವುದೆಂದರೆ ಬಾಯಲ್ಲಿ ಕೇಳಿ ಬರುವುದಲ್ಲ. ಜೀವಂತ ಟರ್ಕಿ ಕೋಳಿಗೆ ಕೆಂಪು ರಿಬ್ಬನ್ ಕಟ್ಟಿ ಕೊಂಡೊಯ್ಯಬೇಕು. ಮಾತು ಬಲ್ಲವರೊಬ್ಬರು ನಮ್ಮ ಬೆಟ್ಟಗಳ ಝಪೋತೆಕ್ ಭಾಷೆಯಲ್ಲಿ, ಪೂರ್ವಿಕರಿಂದ ಹಿಡಿದು ಮಗುವಿನವರೆಗೆ ಎಲ್ಲರನ್ನೂ ನೆನೆದು ಉದ್ದನೆಯ ಅರಿಕೆ ಮಾಡಬೇಕು. ನಡುವೆ ಯಾರೂ ಬಾಯಿ ಹಾಕಬಾರದು. ಎದುರಿನವರು ಕೋಳಿಯನ್ನು ಕೈಗೆ ತೆಗೆದುಕೊಂಡರೆ ಸಂಬಂಧ ಕೂಡಿತು, ಇನ್ನು ಬಿಡುಗಡೆಯಿಲ್ಲ. ಮಾತು ಬಲ್ಲವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಕೋಳಿಗಾಗಿ ತೋಮಾಸಾ ಊರೆಲ್ಲ ಅಲೆದಳು. ಕಾರ್ಖಾನೆಯ ಬಿಳಿ ಕೋಳಿಗಳು ಶಾಸ್ತ್ರಕ್ಕೆ ಬಾರವು, ಅವಕ್ಕೆ ಸ್ವಾಭಿಮಾನವಿಲ್ಲ ಎಂಬುದು ಅವಳ ಅಭಿಪ್ರಾಯ. ಕೊನೆಗೆ ಒಬ್ಬ ರೈತನ ಹತ್ತಿರ ಕಪ್ಪು ಗರಿಯ, ಕಂಡವರನ್ನೆಲ್ಲ ಕುಕ್ಕುವ ಒಂದು ಸಿಕ್ಕಿತು. ಪಾಳಿ ಬಿಡುವ ಹೊತ್ತಿಗೆ ಅದನ್ನು ಕಂಕುಳಲ್ಲಿ ಅವುಚಿಕೊಂಡು ಕಾರ್ಖಾನೆಯ ಗೇಟಿನ ಹತ್ತಿರ ಹೋದಳು. ಎಲ್ಲರಿಗೂ ಮಾಸ್ಕು, ಎಲ್ಲರಿಗೂ ಕಿವಿಮುಚ್ಚುವ ಟೋಪಿ, ಚಳಿಯ ಕೋಟು. ಅವಳ ಕನ್ನಡಕಕ್ಕೆ ಅವಳದೇ ಉಸಿರಿನ ಮಂಜು. ಅಗೋ, ಹಸಿಂತೊನ ನೀಲಿ ಟೋಪಿ, ಹಸಿಂತೊನಷ್ಟೇ ಎತ್ತರ. ತೋಮಾಸಾ ಎರಡು ಮಾರು ದೂರ ನಿಂತು ಶುರುಮಾಡಿಯೇಬಿಟ್ಟಳು.

ಆ ಟೋಪಿಯ ಕೆಳಗಿದ್ದವನು ಕಾರ್ಖಾನೆಯ ಮ್ಯಾನೇಜರ್ ಡೇಲ್.

ಡೇಲ್ ಅಪ್ಪಟ ಮಿನ್ನೆಸೋಟದವನು, ಅಂದರೆ ಯಾರಿಗೂ ಮುಖ ಮುರಿದು ಇಲ್ಲ ಅನ್ನಲಾರದವನು. ಅವನಿಗೆ ಝಪೋತೆಕ್ಕಿನ ಗಂಧಗಾಳಿ ಇಲ್ಲ. ಯಾರೋ ಅಜ್ಜಿ ತನಗೆ ಕೃತಜ್ಞತೆ ಹೇಳುತ್ತಿದ್ದಾಳೆ, ಟೀ ಶರ್ಟ್ ಹಿಡಿಸಿರಬೇಕು ಎಂದುಕೊಂಡ. ಅರಿಕೆ ಸಾಗುತ್ತಲೇ ಇತ್ತು. ಅವನು ಕಾಲು ಬದಲಿಸಿದ, ಗಂಟಲು ಸರಿಮಾಡಿಕೊಂಡ, ತನಗೆ ಬರುತ್ತಿದ್ದ ಒಂದೇ ಒಂದು ಸ್ಪ್ಯಾನಿಷ್ ಪದವಾದ ಗ್ರಾಸಿಯಾಸ್ ಅನ್ನು ಹಲವು ಸಲ ಹೇಳಿದ. ಅವನ ಹಿಂದೆಯೇ ನಿಜವಾದ ಹಸಿಂತೊ ನಿಂತಿದ್ದ. ಸುತ್ತ ಪಾಳಿ ಮುಗಿಸಿದವರೆಲ್ಲ ನಿಂತಿದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಅರಿಕೆಯ ನಡುವೆ ಬಾಯಿ ಹಾಕುವುದುಂಟೇ? ತೋಮಾಸಾ ಮುಗಿಸಿ ಕೋಳಿಯನ್ನು ನೆಲಕ್ಕಿಟ್ಟು ಹಿಂದೆ ಸರಿದಳು. ಡೇಲ್ ಬಗ್ಗಿ ಅದನ್ನು ಎತ್ತಿಕೊಂಡ. ಅದು ಅವನ ಮೂಗಿಗೆ ಕುಕ್ಕಿತು. ಮಾಸ್ಕು ಜಾರಿತು, ಮುಖ ಕಂಡಿತು, ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು.

ಹಸಿಂತೊನನ್ನು ಆಮೇಲೆ ತೋಮಾಸಾ ವಾಚಾಮಗೋಚರವಾಗಿ ಬೈದಳು. ಕೆಮ್ಮಬಾರದಿತ್ತೇ, ಕೈಬೀಸಬಾರದಿತ್ತೇ ಎಂದು ಕೇಳಿದಳು. ಶಾಸ್ತ್ರ ಕೆಡಿಸುವ ಪಾಪ ತನಗೇಕೆ ಎಂದು ಅವನು ತಲೆ ತಗ್ಗಿಸಿದ. ಮಗುವಿನ ಬಟ್ಟೆ, ಊಟ, ಮೇಣದಬತ್ತಿ ಎಲ್ಲದರ ಖರ್ಚು ತಪ್ಪಿದ್ದಕ್ಕೆ ಅವನ ಮುಖದಲ್ಲಿ ಕಳೆ ಬಂದದ್ದನ್ನು ಮಾತ್ರ ಮಾಸ್ಕು ಮುಚ್ಚಲಿಲ್ಲ. ಬೆನಿತಾ ಎದೆ ಹಿಡಿದುಕೊಂಡು ಕೂತಳು. ಡೇಲ್ ಸಾಹೇಬ ತನ್ನ ಕೊಂಪಾದ್ರೆಯೇ? ಅವನಿಗೆ ಇದು ಗೊತ್ತೇ?

ಮಗುವಿಗೆ ದೇವರ ಮುಂದಿನ ಅಪ್ಪ ಇನ್ನು ನೀವೇ ಎಂದು ಅವನಿಗೆ ಹಸಿಂತೊನೇ ಹೋಗಿ ಹೇಳಬೇಕಾಯಿತು. ಡೇಲ್ ನಕ್ಕ. ಆಮೇಲೆ ನಗು ನಿಂತಿತು. ಯಾಕೆಂದರೆ ಮರುದಿನದಿಂದ ಬೆನಿತಾಳ ಬಳಗದವರು ಅವನನ್ನು ಕಂಡಲ್ಲಿ ಟೋಪಿ ತೆಗೆದು ಕೊಂಪಾದ್ರೆ ಎಂದು ತಲೆಬಾಗತೊಡಗಿದರು. ಮನೆ ಬಾಗಿಲಿಗೆ ಟೋರ್ಟಿಯಾ ರೊಟ್ಟಿ ಬಂತು, ಸಿಹಿ ಬ್ರೆಡ್ಡು ಬಂತು, ಅವನ ಅಮ್ಮನ ಮಂಡಿನೋವಿಗೆ ಎಣ್ಣೆ ಬಂತು. ಅಮ್ಮನಿಗೆ ಮಂಡಿನೋವಿದೆಯೆಂದು ಅವನಿಗೇ ಗೊತ್ತಿರಲಿಲ್ಲ, ತೋಮಾಸಾಳಿಗೆ ಗೊತ್ತಿತ್ತು. ಟರ್ಕಿ ಕೋಳಿ ಅವನ ಗ್ಯಾರೇಜಿನಲ್ಲಿ ಠಿಕಾಣಿ ಹೂಡಿ ಕಾರಿನ ಹತ್ತಿರ ಅವನನ್ನು ಬಿಡಲಿಲ್ಲ. ದಿನವೂ ಸಾವಿರಾರು ಟರ್ಕಿಗಳನ್ನು ಕತ್ತರಿಸುವ ಕಾರ್ಖಾನೆಯ ಮ್ಯಾನೇಜರ್ ಈ ಒಂದರ ಭಯಕ್ಕೆ ನಡೆದುಕೊಂಡು ಕೆಲಸಕ್ಕೆ ಬಂದ.

ತೋಮಾಸಾ ಹೆಚ್ಚು ದಿನ ನಾಚಿಕೊಂಡು ಕೂರುವವಳಲ್ಲ. ತಪ್ಪಾದರೂ ಸಂಬಂಧ ಸಂಬಂಧವೇ ಅಲ್ಲವೇ? ಹಸಿಂತೊನನ್ನು ದುಭಾಷಿ ಮಾಡಿಕೊಂಡು ಡೇಲನ ಅಂಗಳಕ್ಕೆ ಹೋದಳು. ಜೀವನದಲ್ಲಿ ಮೊದಲ ಬಾರಿಗೆ ಮಾತನ್ನು ಚಿಕ್ಕದಾಗಿ ಮುಗಿಸಿದಳು. "ಕೊಂಪಾದ್ರೆ, ನಿಮ್ಮ ಕೊಮಾದ್ರೆ ಕೆಮ್ತಾ ಕೆಮ್ತಾ ನಿಮ್ಮ ಕೋಳಿ ಕುಯ್ತಿದ್ದಾರೆ. ಮಲಗೋಕೆ ಬಿಡಿ."

ಡೇಲ್ ಕೆಟ್ಟವನಲ್ಲ, ಅಂಜುಬುರುಕ. ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ಬೇಲಿಯ ಆಚೀಚೆ ಇಣುಕಿದ. ಕೊನೆಗೆ, ಬೆನಿತಾ ಸಂಬಳದ ಸಮೇತ ಮನೆಯಲ್ಲಿರಲಿ, ಚುಕ್ಕಿ ಬೀಳದ ಹಾಗೆ ತಾನು ನೋಡಿಕೊಳ್ಳುತ್ತೇನೆ, ಆದರೆ ಇದು ನಮ್ಮ ನಮ್ಮಲ್ಲೇ ಇರಲಿ ಎಂದ.

ತೋಮಾಸಾ ಕುಣಿಯುವುದೊಂದು ಬಾಕಿ. ಕೂಡಲೇ ಯೆಸೆನಿಯಾಳಿಗೆ ಫೋನ್ ಹಚ್ಚಿದಳು. ಯೆಸೆನಿಯಾಳಿಗೂ ಸಂತೋಷವಾಯಿತು, ಬೆನಿತಾ ನಾಳೆಯಿಂದಲೇ ಮಲಗಲಿ ಎಂದಳು. ಆದರೆ ಒಂದು ಮಾತು ಸೇರಿಸಿದಳು: "ಅಮ್ಮಾ, ಇದು ಅವರ ಉಪಕಾರ. ನಾಳೆ ಅವರಿಗೆ ಬೇರೆ ಊರಿಗೆ ವರ್ಗ ಆದ್ರೆ ಉಪಕಾರನೂ ಅವರ ಜೊತೆ ಗಾಡಿ ಹತ್ತುತ್ತೆ." ಒಳ್ಳೆಯ ಸುದ್ದಿಗೆ ಹುಳಿ ಹಿಂಡಿದಳೆಂದು ತೋಮಾಸಾ ಸಿಟ್ಟಿನಿಂದ ಫೋನ್ ಇಟ್ಟಳು. ಸಿಟ್ಟು ಹೊತ್ತುಕೊಂಡೇ ಬೆನಿತಾಳ ಕಿಟಕಿಗೆ ಹೋಗಿ ವಿಷಯ ಹೇಳಿದಳು. ಬೆನಿತಾ ಕಿಟಕಿಯ ಒಳಗಿಂದ ತಲೆಯಾಡಿಸಿದಳು.

"ಆಗಲ್ಲ ಕೊಮಾದ್ರೆ. ನನ್ನ ಎಡಗಡೆ ನಿಲ್ಲೋಳಿಗೆ ನನಗಿಂತ ಜಾಸ್ತಿ ಕೆಮ್ಮು. ಅವಳು ನಿಂತಿರುವಾಗ ನಾನು ಹೆಂಗೆ ಮಲಗಲಿ?"

"ಅವಳಿಗೆ ಕೊಂಪಾದ್ರೆ ಇಲ್ಲ, ನಿಮಗಿದ್ದಾರೆ."

"ಹಂಗಾದ್ರೆ ಅವಳಿಗೂ ಒಬ್ಬರನ್ನ ಹುಡುಕಿ," ಎಂದು ಬೆನಿತಾ ಪರದೆ ಎಳೆದಳು.

ಮೊಂಡು ಹೆಂಗಸು ಎಂದು ತೋಮಾಸಾಳಿಗೆ ಅಳು ಬಂತು. ಎದೆಯೊಳಗೆ ಗೊರಗೊರ ಇಟ್ಟುಕೊಂಡು ಪಕ್ಕದವಳ ಕೆಮ್ಮಿಗೆ ಮರುಗುತ್ತಾಳಲ್ಲ. ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡು ಬಂದವಳು ತನ್ನ ಮನೆಯ ಗೇಟಿನ ಹತ್ತಿರ ಥಟ್ಟನೆ ನಿಂತಳು. ಹುಡುಕುವುದೇಕೆ? ಇರುವ ಒಬ್ಬನೇ ಎಲ್ಲರಿಗೂ ಆಗಬಾರದೇ?

ನಮ್ಮಲ್ಲಿ ಮಗುವಿಗೆ ಮಾತ್ರ ದೇವರ ಮುಂದಿನ ಅಪ್ಪ ಎಂದಲ್ಲ. ಕೇಕಿಗೊಬ್ಬ, ಚಪ್ಪಲಿಗೊಬ್ಬ, ಮದುವೆಯ ದಿಂಬಿಗೊಬ್ಬ, ಹೊಸ ಲಾರಿಗೊಬ್ಬ ಇರುತ್ತಾನೆ, ಅವನೂ ಕೊಂಪಾದ್ರೆಯೇ. ತೋಮಾಸಾ ಫೋನ್ ಹಿಡಿದು ಕೂತಳು. ಹೇಸರಗತ್ತೆಯ ಕ್ಷೇಮ ಯಾರನ್ನೂ ಕೇಳಲಿಲ್ಲ. ಆ ಭಾನುವಾರ ಡೇಲನ ಮನೆಯ ಬೇಲಿಯುದ್ದಕ್ಕೂ, ಬೀದಿ ತಿರುವಿನಾಚೆಗೂ ಸಾಲು ನಿಂತಿತು. ಎಲ್ಲರೂ ಮಾಸ್ಕು ಹಾಕಿ, ಎರಡು ಮಾರು ಬಿಟ್ಟು, ಕೈಯಲ್ಲಿ ಬ್ರೆಡ್ಡಿನ ಬುಟ್ಟಿ ಹಿಡಿದಿದ್ದರು. ಒಬ್ಬರು ಮಗಳ ಹದಿನೈದನೇ ಹುಟ್ಟುಹಬ್ಬದ ಬೂಟಿಗೆ ಕೇಳಿದರು, ಒಬ್ಬರು ಹೊಸ ಫ್ರಿಜ್ಜಿಗೆ. ನೆಪಕ್ಕೆ ಬೇರೇನೂ ಸಿಗದ ಒಬ್ಬ ತನ್ನ ನಾಯಿಯನ್ನೇ ಕರೆತಂದಿದ್ದ. ಬೆನಿತಾಳ ಎಡಗಡೆಯವಳು ಮೊಮ್ಮಗನ ಮೊದಲ ಹಲ್ಲಿಗೆ ಕೇಳಿದಳು. ಡೇಲ್ ಒಬ್ಬೊಬ್ಬರಿಗೂ, ಅಯ್ಯೋ ಇದೆಲ್ಲ ಯಾಕೆ ಎನ್ನುತ್ತ, ಅವರಿಗೆ ಬೇಸರವಾಗಬಾರದೆಂದು ಬುಟ್ಟಿ ತೆಗೆದುಕೊಂಡ. ಸಂಜೆಯ ಹೊತ್ತಿಗೆ ಜಗಲಿಯ ತುಂಬ ಬ್ರೆಡ್ಡು, ಕಾರ್ಖಾನೆಯ ತುಂಬ ಅವನ ನೆಂಟರು.

ಆಗ ತೋಮಾಸಾ ಹಸಿಂತೊನ ಕೈಲಿ ಹೇಳಿಸಿದಳು: ಈಗ ಎಲ್ಲರೂ ನಿಮ್ಮ ಕೊಮಾದ್ರೆ, ಕೊಂಪಾದ್ರೆ. ಒಬ್ಬರಿಗೆ ಮಾಡಿದ್ದನ್ನು ಎಲ್ಲರಿಗೂ ಮಾಡಬೇಕು, ಗುಟ್ಟಾಗಿ ಅಲ್ಲ.

ಡೇಲ್ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನಿಂತ. ಆಮೇಲೆ ಒಳಗೆ ಹೋಗಿ, ಹುಟ್ಟಿದಾರಭ್ಯ ಯಾರಿಗೂ ದನಿಯೇರಿಸದವನು ಕಂಪನಿಯ ದೊಡ್ಡ ಕಚೇರಿಗೆ ಫೋನ್ ಮಾಡಿ ದನಿಯೇರಿಸಿದ. ಅದೇ ವಾರ, ಪತ್ರಗಳಿಗೆ ಕಂಪನಿ ಬಗ್ಗದಾಗ ಯೆಸೆನಿಯಾ ಸರ್ಕಾರಕ್ಕೆ ಕೊಟ್ಟಿದ್ದ ದೂರಿನ ಮೇಲೆ ರಾಜ್ಯದ ಇನ್‌ಸ್ಪೆಕ್ಟರರೂ ಬಂದಿಳಿದರು. ತಡಿಕೆ ಬಂತು, ಚುಕ್ಕಿ ಹೋಯಿತು. ಕಾಯಿಲೆಯವರಿಗೆ ಸಂಬಳದ ರಜೆ ಎಂದು ಬರವಣಿಗೆಯಲ್ಲೇ ಬಂತು, ಸ್ಪ್ಯಾನಿಷಿನಲ್ಲೂ ಬಂತು. ಗೆದ್ದದ್ದು ದೂರಿನಿಂದ ಎಂದು ಯೆಸೆನಿಯಾ, ಬ್ರೆಡ್ಡಿನಿಂದ ಎಂದು ತೋಮಾಸಾ. ಆ ವಾದ ಇನ್ನೂ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ.

ರಜೆಯ ಮೊದಲ ಬೆಳಿಗ್ಗೆ ತೋಮಾಸಾ ಸಾರು ಹಿಡಿದು ಬೆನಿತಾಳ ಮನೆಗೆ ಹೋದಾಗ, ಕಿಟಕಿಯೊಳಗೆ ಕಂಡದ್ದು ನೆಲ ಒರೆಸುತ್ತಿದ್ದ ಬೆನಿತಾ. ಒಲೆಯ ಹಿಂಬದಿ ಉಜ್ಜಿಯಾಗಿತ್ತು, ಪರದೆಗಳು ಒಗೆದಾಗಿದ್ದವು. ಒರೆಸುವ ಕೋಲಿಗೆ ಆತುಕೊಂಡು ಏದುಸಿರು ಬಿಡುತ್ತಿದ್ದಳು. ತೋಮಾಸಾ ಗಾಜಿಗೆ ಗುದ್ದಿ ಕೇಳಿದಳು, ಏನಿದು ಎಂದು.

ಬೆನಿತಾ ತಪ್ಪು ಮಾಡಿದ ಮಗುವಿನಂತೆ ಅಂದಳು, "ಸಂಬಳ ಕೊಡ್ತಿದ್ದಾರಲ್ಲ ಕೊಮಾದ್ರೆ. ಸುಮ್ನೆ ಮಲಗಿದ್ರೆ ಕದ್ದಂಗೆ ಆಗುತ್ತೆ. ಮಲಗಿದೆ, ನಿದ್ದೆ ಬರ್ಲಿಲ್ಲ. ಹಗಲು ಹೊತ್ತು ಮಲಗೋದು ಹೆಂಗೆ ಅಂತಾನೇ ಗೊತ್ತಿಲ್ಲ ನನಗೆ."

ತೋಮಾಸಾ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು. ಇಷ್ಟು ವರ್ಷ ಇಬ್ಬರೂ ಜ್ವರದಲ್ಲಿ, ಬಸುರಿನಲ್ಲಿ, ಸತ್ತವರ ಸುದ್ದಿ ಬಂದ ದಿನದಲ್ಲಿ ಸಹ ಆ ಥಂಡಿ ಕೋಣೆಯಲ್ಲಿ ನಿಂತಿದ್ದರು. ಸುಸ್ತಾದಾಗ ಮಲಗುವುದು ಮನುಷ್ಯರಿಗೆ ಸಲ್ಲಬೇಕಾದದ್ದು ಎಂದು ಒಬ್ಬರೂ ಅವರಿಗೆ ಹೇಳಿರಲಿಲ್ಲ.

"ಮಲ್ಕೊಳ್ಳಿ, ನಾನು ಇಲ್ಲೇ ಇರ್ತೀನಿ," ಅಂದಳು. ಜಗಲಿಯ ಕುರ್ಚಿಯನ್ನು ಕಿಟಕಿಯ ಕೆಳಗೆ ಎಳೆದು, ಶಾಲು ಬಿಗಿದುಕೊಂಡು ಕೂತಳು. ಒಳಗೆ ಬೆನಿತಾ ಹಾಸಿಗೆಯ ಅಂಚಿನಲ್ಲಿ ಕೂತಳು, ಆಮೇಲೆ ಒರಗಿದಳು. ತೋಮಾಸಾಳಿಗೆ ಹೇಳಬೇಕಾದ ಮಾತು ನೂರಿದ್ದವು. ಒಂದನ್ನೂ ಆಡಲಿಲ್ಲ. ಒಳಗಿನಿಂದ ಗೊರಕೆ ಕೇಳುವವರೆಗೆ ಬಾಯಿ ಮುಚ್ಚಿಕೊಂಡು ಆ ಚಳಿಯಲ್ಲಿ ಕೂತೇ ಇದ್ದಳು.