ಒದ್ದೆ ಹಗ್ಗ, ಒಣ ಗೆರೆ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಶಾಲೆಯ ಮೈದಾನದ ನಡುವೆ ಒಬ್ಬರು ಮಂಡಿಯೂರಿ ಕೂತು, ಹಗ್ಗವೊಂದನ್ನು ಕೆನ್ನೆಗೆ ಒತ್ತಿಕೊಂಡಿದ್ದಾರೆ. ದೂರದಿಂದ ನೋಡಿದರೆ ಹಗ್ಗದ ಜೊತೆ ಏನೋ ಗುಟ್ಟು ಮಾತಾಡುತ್ತಿರುವ ಹಾಗೆ ಕಾಣುತ್ತದೆ.

"ಕೈಗೆ ಗೊತ್ತಾಗಲ್ಲ. ಸುಣ್ಣ ಹಿಡಿದೂ ಹಿಡಿದೂ ಬೆರಳೆಲ್ಲ ಮರಗಟ್ಟಿದೆ. ಕೆನ್ನೆ ಸುಳ್ಳು ಹೇಳಲ್ಲ," ಎನ್ನುತ್ತಾರೆ. ಹಗ್ಗ ಒಣಗಿದೆ. ಮುಖ ಅರಳುತ್ತದೆ. ಚಹಾದ ಫ್ಲಾಸ್ಕ್ ಹಿಡಿದು ಬಂದ ಹೆಂಡತಿ ಅಲ್ಲಿಂದಲೇ ಮಾತು ತೆಗೆಯುತ್ತಾರೆ: "ಒಣಗದೆ ಏನು ಮಾಡುತ್ತೆ? ಎರಡು ದಿನದಿಂದ ನನ್ನ ಒಲೆ ಪಕ್ಕ ಅದೇ ಯಜಮಾನಿ. ಸಾರು ಕುದಿಸೋಕೆ ಅದರ ಅಪ್ಪಣೆ ಕೇಳಬೇಕು."

ಇಂದು ವಾರ್ಷಿಕ ಕ್ರೀಡಾಕೂಟ. ಓಟದ ಪಥಕ್ಕೆ ಬಿಳಿ ಗೆರೆ ಎಳೆಯುವುದು ಇವರ ಕೆಲಸ. ಶಾಲೆಯ ಮೊದಲ ಮಕ್ಕಳಿಗೆ ಇವರು ಸುಣ್ಣದಣ್ಣ, ಈಗಿನವರಿಗೆ ಸುಣ್ಣದ ತಾತ. ತಲೆಯೂ ಈಗ ಸುಣ್ಣದ ಬಣ್ಣಕ್ಕೇ ತಿರುಗಿದೆ.

ಮಕ್ಕಳನ್ನು ಕಾಲೇಜಿಗೆ ಅಣಿಗೊಳಿಸುವ ಖಾಸಗಿ ಶಾಲೆ ಇದು. ಹಾಸ್ಟೆಲ್ ಇಲ್ಲ, ಬೆಳಿಗ್ಗೆ ಬರುವ ಮಕ್ಕಳು ಸಂಜೆ ಮನೆ ಸೇರುತ್ತಾರೆ. ನಿವೃತ್ತ ಶಿಕ್ಷಕ ದಂಪತಿ ಇದನ್ನು ಶುರುಮಾಡಿದ್ದು ಒಂದು ಮುದ್ರಣಾಲಯದ ಮಹಡಿಯಲ್ಲಿ. ಕೆಳಗೆ ಯಂತ್ರ ಓಡಿದರೆ ಮೇಲೆ ಬೆಂಚು ನಡುಗುತ್ತಿತ್ತಂತೆ. ಆಮೇಲೆ ಸಿಕ್ಕ ಜಾಗ, ಇಟ್ಟಿಗೆ ಮಾಡುವವರು ಮಣ್ಣು ತೆಗೆದು ಬಿಟ್ಟುಹೋಗಿದ್ದ ದೊಡ್ಡ ಹೊಂಡ. ಕಟ್ಟಡ ಎದ್ದದ್ದು ಅದರ ದಡದಲ್ಲಿ. ಹೊಂಡವನ್ನು ತುಂಬಿಸಿ ಮೈದಾನ ಮಾಡಿದರು. ಆಗ ಗಾಡಿಯಲ್ಲಿ ಮಣ್ಣು ತಂದು ಸುರಿದ ಕೂಲಿಗಳಲ್ಲಿ ಸುಣ್ಣದಣ್ಣನೂ ಒಬ್ಬರು. "ಮಣ್ಣು ಹಾಕೋಕೆ ಬಂದವನು, ಮಣ್ಣಿನ ಜೊತೆ ನಾನೂ ಇಲ್ಲೇ ಕೂತುಬಿಟ್ಟೆ," ಎಂದು ನಗುತ್ತಾರೆ.

ಮೊದಲ ಕ್ರೀಡಾಕೂಟದಲ್ಲಿ ಗೆದ್ದವರಿಗೆ ಗಾಜಿನ ಲೋಟ ಬಹುಮಾನ. ಈಗ ಫಲಕಗಳು ಕಪಾಟು ತುಂಬಿವೆ. ಮೊಗಸಾಲೆಯ ಗೋಡೆಯಲ್ಲಿ ದಾಖಲೆ ಮಾಡಿದವರ ಹೆಸರುಗಳ ಹಲಗೆಯಿದೆ. ಬದಲಾಗದೇ ಉಳಿದಿರುವುದು ಗೆರೆ ಎಳೆಯುವ ಕ್ರಮ. ಮೈದಾನದ ಎರಡು ತುದಿಗೆ ಒಂದೊಂದು ಗೂಟ. ಗೂಟಕ್ಕೆ ನೂಲಿನ ಹಗ್ಗ ಬಿಗಿದು, ಬಿಗಿ ಸಡಿಲದಂತೆ ಅರ್ಧ ಸುತ್ತು ನಡೆಯುತ್ತಾರೆ. ಕೈಯಲ್ಲಿರುವ ತೂತಿನ ಡಬ್ಬಿಯಿಂದ ಸುಣ್ಣದ ಪುಡಿ ಉದುರುತ್ತಾ ತಿರುವು ಮೂಡುತ್ತದೆ. ಎರಡು ತಿರುವುಗಳ ನಡುವೆ ನೇರ ಗೆರೆ ಎಳೆದರೆ ಪಥ ಸಿದ್ಧ. ಮೈದಾನಕ್ಕೆ ನೀರು ಹಾಕುವುದು, ಉರುಳುಗಲ್ಲು ಎಳೆಯುವುದು, ಕಳೆ ಕೀಳುವುದು ದಿನದ ಪಾಡು. ಗೆರೆ ಎಳೆಯುವ ದಿನ ಮಾತ್ರ ಇವರ ಹಬ್ಬ.

ಕಳೆದ ವರ್ಷ ಆ ಹಬ್ಬವೇ ಕೈಕೊಟ್ಟಿತು. ನೂಲಿನ ಹಗ್ಗ ನೆನೆದರೆ ಮುದುಡುತ್ತದೆ. ಹಿಂದಿನ ದಿನ ಹೊರಗೇ ಮರೆತ ಹಗ್ಗ ಇಬ್ಬನಿ ಕುಡಿದು ಗೇಣಿನಷ್ಟು ಗಿಡ್ಡವಾಗಿತ್ತು. ಅದರಿಂದ ಎಳೆದ ತಿರುವುಗಳೂ ಕಿರಿದಾದದ್ದು ಯಾರಿಗೂ ಗೊತ್ತಾಗಲಿಲ್ಲ. ಆ ಗೆರೆಯ ಮೇಲೆ ನಾಲ್ಕು ಸುತ್ತಿನ ಓಟ ಓಡಿದ ಹುಡುಗಿಯೊಬ್ಬಳು ಶಾಲೆಯ ಹಳೆಯ ದಾಖಲೆ ಮುರಿದಳು. ಕೋಲುಗಾಲಿನ ಅವಳನ್ನು ಗೆಳತಿಯರು ಮಿಡತೆ ಎನ್ನುತ್ತಾರೆ. ಹಲಗೆಯ ಮೇಲೆ ಹೆಸರು ಬಂತು, ಸಿಹಿ ಹಂಚಿದ್ದಾಯಿತು. ಆ ವಾರವೇ ಇನ್ನೊಂದು ಶಾಲೆಯ ತರಬೇತುದಾರರು ಪಂದ್ಯಕ್ಕೆಂದು ಬಂದು ಟೇಪು ಹಿಡಿದು ಅಳೆದರು. ಸುತ್ತು ಗಿಡ್ಡ. ದಾಖಲೆ ರದ್ದಾಯಿತು. ಹುಡುಗಿಯ ಹೆಸರನ್ನು ಕೆರೆದು ಹಳೆಯ ಹೆಸರನ್ನೇ ಬರೆದರು.

"ಅವಳ ಮುಖ ಹೇಗೆ ನೋಡೋದು ಅಂತ ನಾನು ಪಂಪ್ ಮನೆ ಹಿಂದೆ ಅಡಗಿದ್ದೆ," ಎನ್ನುತ್ತಾರೆ ಸುಣ್ಣದಣ್ಣ. ಮಿಡತೆ ಅಲ್ಲಿಗೂ ಹುಡುಕಿಕೊಂಡು ಬಂದಳು. ಬಂದವಳು ಹೇಳಿದ್ದಿಷ್ಟು: "ತಾತ, ಮುಂದಿನ ವರ್ಷ ಸರಿಯಾಗಿ ನೆನೆಸಿ. ಬಕೆಟ್ ನಾನೇ ತರ್ತೀನಿ. ಎರಡೇ ಹೆಜ್ಜೆಗೆ ಓಟ ಮುಗೀಬೇಕು."

ಕಷ್ಟಕ್ಕೆ ಸಿಕ್ಕಿದ್ದು ಇನ್ನೊಬ್ಬರು. ಹಲಗೆಯ ಮೇಲಿನ ಆ ಹಳೆಯ ಹೆಸರು ಇದೇ ಶಾಲೆಯಲ್ಲಿ ಓದಿ, ಈಗ ಇಲ್ಲೇ ವ್ಯಾಯಾಮ ಕಲಿಸುವ ಟೀಚರದ್ದು. ಅವರೂ ಓಡಿದ್ದು ಸುಣ್ಣದಣ್ಣನ ಗೆರೆಯ ಮೇಲೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು: "ಅಣ್ಣಾ, ನಾನು ಓಡಿದ ದಿನ ಹಗ್ಗ ಒಣಗಿತ್ತಾ?"

"ಹೂಂ ಅಂದಿದ್ರೆ ಮುಗಿದುಹೋಗ್ತಿತ್ತು. ಬಾಯಿ ಬರಲಿಲ್ಲ. ಗೊತ್ತಿಲ್ಲಮ್ಮ ಅಂದೆ."

ಅಂದಿನಿಂದ ಟೀಚರಿಗೆ ಆ ಹಲಗೆಯ ಕೆಳಗೆ ನಡೆಯುವುದೆಂದರೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕ ಹಾಗೆ. ಸರಿಯಾದ ಪಥದಲ್ಲಿ ಮಿಡತೆ ತಮ್ಮ ಹೆಸರನ್ನು ಅಳಿಸಲಿ ಎಂದು ವರ್ಷವಿಡೀ ಬೆನ್ನು ಬಿದ್ದು ಅವಳನ್ನು ಓಡಿಸಿದ್ದಾರೆ. ತಮ್ಮ ದಾಖಲೆ ಉರುಳಲಿ ಎಂದು ಇಷ್ಟು ಬೆವರು ಹರಿಸುವವರನ್ನು ಬೇರೆ ಎಲ್ಲಿ ಕಾಣಬೇಕೋ! ಮಿಡತೆಗೆ ಇದು ಕೊನೆಯ ವರ್ಷ. ಇಂದು ಆಗದಿದ್ದರೆ ಮತ್ತಿಲ್ಲ.

ಬಿಸಿಲು ಏರುವ ಮೊದಲೇ ಗೆರೆ ಮುಗಿಯುತ್ತದೆ. ಟೀಚರ್ ಉಕ್ಕಿನ ಟೇಪು ಹಿಡಿದು ತಾವೇ ಅಳೆಯುತ್ತಾರೆ. ಸುಣ್ಣದಣ್ಣ ಹೆಜ್ಜೆಹೆಜ್ಜೆಗೂ ಹಿಂದೆಯೇ ಬರುತ್ತಾರೆ. ಟೀಚರ್ ಮೇಲೆದ್ದು, "ಅಣ್ಣಾ, ಕೂದಲೆಳೆ ಹೆಚ್ಚೇ ಇದೆ," ಎನ್ನುತ್ತಾರೆ.

"ಇರಲಿ ಬಿಡಮ್ಮ. ಬಡ್ಡಿ ಸಮೇತ ಓಡಲಿ."

ನಾಲ್ಕು ಸುತ್ತಿನ ಓಟಕ್ಕೆ ಸೀಟಿ ಮೊಳಗುತ್ತದೆ. ಮೊದಲ ಸುತ್ತಿನಲ್ಲಿ ಮಿಡತೆ ನಾಲ್ಕನೆಯವಳು, ಎರಡನೆಯದರಲ್ಲೂ ಅಷ್ಟೇ. ಸುಣ್ಣದಣ್ಣನ ಹೆಂಡತಿ ಸೆರಗು ಕಚ್ಚಿಕೊಂಡು, "ಹಗ್ಗ ಒಣಗಿದ್ದೇ ತಪ್ಪಾಯ್ತೇನೋ," ಎನ್ನುತ್ತಾರೆ. "ಸುಮ್ನಿರೇ," ಎಂದ ಗಂಡನ ಧ್ವನಿಯೂ ಗಟ್ಟಿಯಿಲ್ಲ. ಮೂರನೆಯ ಸುತ್ತಿನಲ್ಲಿ ಹುಡುಗಿ ಕೋಲುಗಾಲು ಚಾಚುತ್ತಾಳೆ. ಕೊನೆಯ ತಿರುವಿಗೆ ಬರುವಾಗ ಮುಂದೆ ಯಾರೂ ಇಲ್ಲ. ಇಕ್ಕೆಲದ ಮಕ್ಕಳು ಕೂಗುವ ಅಬ್ಬರಕ್ಕೆ ಮೈದಾನದ ಕಾಗೆಗಳೆಲ್ಲ ಎದ್ದುಹೋಗುತ್ತವೆ. ಗುರಿಯ ದಾರ ಕಡಿದು ಹುಡುಗಿ ಹುಲ್ಲಿನ ಮೇಲೆ ಬೀಳುತ್ತಾಳೆ.

ಟೀಚರ್ ಗಡಿಯಾರ ನೋಡುತ್ತಾರೆ. ಇನ್ನೊಮ್ಮೆ ನೋಡುತ್ತಾರೆ. ಪಕ್ಕದಲ್ಲಿ ಗಡಿಯಾರ ಹಿಡಿದ ಲೆಕ್ಕದ ಮೇಷ್ಟರಿಗೆ ತೋರಿಸುತ್ತಾರೆ. ಅವರು ತಲೆಯಾಡಿಸಿದ್ದೇ ತಡ, ಟೀಚರ್ ಎರಡೂ ಕೈ ಮೇಲೆತ್ತಿ ಹುಡುಗಿಯರ ಹಾಗೆ ಕುಣಿಯುತ್ತಾ ಕಿರುಚುತ್ತಾರೆ: "ಹೋಯ್ತು! ನನ್ನ ಹೆಸರು ಹೋಯ್ತು!"

ಮಿಡತೆ ಎದ್ದು ನೇರ ಬಂದದ್ದು ಸುಣ್ಣದ ತಾತನ ಬಳಿಗೆ. ಬೆವರಿನ ಕೈಯಲ್ಲಿ ಅವರ ಕೈ ಹಿಡಿದು, "ಇನ್ನೊಮ್ಮೆ ಅಳೆಯೋರು ಬರ್ತಾರೇನು ತಾತ?" ಎಂದು ರೇಗಿಸುತ್ತಾಳೆ.

"ಬರಲಿ ಮಗಳೇ. ಊರೆಲ್ಲ ಬರಲಿ. ಚಹಾ ನಾನೇ ಕೊಡಿಸ್ತೀನಿ."

ಫೋಟೊ ತೆಗೆಯುವವರು ಕರೆದರೆ ಸುಣ್ಣದಣ್ಣ ಬರಲೊಲ್ಲರು. ಮುಂದಿನ ಓಟಕ್ಕೆ ತಿರುವಿನಲ್ಲಿ ಅಳಿಸಿದ ಸುಣ್ಣ ಸರಿಮಾಡಬೇಕು. ನಿಮ್ಮ ಪಾಲೂ ಇದೆಯಲ್ಲ ಈ ಗೆಲುವಿನಲ್ಲಿ ಎಂದು ಒತ್ತಾಯಿಸಿದರೆ, ಡಬ್ಬಿ ತಟ್ಟುತ್ತಾ ತಿರುವಿನತ್ತ ನಡೆಯುತ್ತಾರೆ.

"ಓಡಿದ್ದು ಅವಳು. ಓಡಿಸಿದ್ದು ಟೀಚರಮ್ಮ. ದೂರ ಪೂರ್ತಿ ಇತ್ತಲ್ಲ, ಅಷ್ಟು ಮಾತ್ರ ನಂದು."